ಗ್ರೀಸಿನ ಕೆಳಗಿನ ನಂಬರು

ಯಾರ ಮನೆಗೆ ಹೋದರೂ, ಅವರು ಅತ್ತ ತಿರುಗಿದೊಡನೆ ಕಪಾಟಿನ ಮೇಲಿನ ಹೂದಾನಿಯನ್ನು ಬೋರಲು ಹಾಕಿ ಅದರ ಅಡಿ ನೋಡುವ ಕೆಟ್ಟ ಚಟ ನನಗಿದೆ. “ಆಂಟೀಕ್ ರೀ, ನಮ್ಮ ಮುತ್ತಜ್ಜಿಯದು” ಎಂದು ಅವರು ಹೇಳಿದ್ದರಂತೂ ಮುಗಿಯಿತು. ನನಗಿಂತ ಹಿರಿಯದೆಂದು ಹೇಳಿಸಿಕೊಂಡ ವಸ್ತು ನನಗಿಂತ ನುಣ್ಣಗೆ ಇದ್ದರೆ ಅನುಮಾನ ಬಾರದೆ ಇರುತ್ತದೆಯೇ? ಸಿಕಂದರಾಬಾದಿನ ಕಾನ್ವೆಂಟಿನಲ್ಲಿ ಮದರ್ ನನಗೆ, ಸಸ್ಪಿಶನ್ ಒಳ್ಳೆಯ ಹುಡುಗಿಯರಿಗೆ ತಕ್ಕದ್ದಲ್ಲ ಎಂದು ಹೇಳುತ್ತಿದ್ದರು. ನಾನು “ಯೆಸ್ ಮದರ್” ಅನ್ನುತ್ತಿದ್ದೆ; ಅನ್ನುತ್ತಲೇ ಅವರ ಬಿಸ್ಕೀಟಿನ ಡಬ್ಬಿಗೆ ಬೀಗ ಇರುವುದನ್ನೂ ನೋಡುತ್ತಿದ್ದೆ. ಏನು ಮಾಡುವುದು, ನಾನು ಲಿಂಗಸೂಗೂರಿನ ವಕೀಲರ ಮಗಳು.

ನಮ್ಮಪ್ಪನಿಗೆ ಫೌಜಿನ ಹಳೆಯ ರೈಫಲ್ಲುಗಳನ್ನು ಕೂಡಿಹಾಕುವ ಹುಚ್ಚು. ಲಿಂಗಸೂಗೂರು ಒಂದು ಕಾಲಕ್ಕೆ ಫೌಜು ಬೀಡುಬಿಟ್ಟ ಛಾವಣಿಯ ಊರು. ಪಲ್ಟನ್ನು ಹೋಯಿತು, ಹೆಸರು ಉಳಿಯಿತು, ಅದರ ಜೊತೆಗೆ ಅಪ್ಪನಂಥವರ ಆಸೆಯೂ ಉಳಿಯಿತು. ಫೌಜು ಬೇಡವೆಂದ ಮಾಲು ಎಲ್ಲಿ ಹರಾಜಾದರೂ ಅಪ್ಪ ಅಲ್ಲಿರುತ್ತಿದ್ದರು. ಅವರು ಬೇಟೆಗಾರರಲ್ಲ. ನಮ್ಮ ಮನೆಯ ಬಂದೂಕು ಒಂದು ಕಾಗೆಯನ್ನೂ ಹೆದರಿಸಿದ್ದಿಲ್ಲ. ಅವರಿಗೆ ಬೇಕಾದದ್ದು ಕಾರ್ಖಾನೆಯಿಂದ ಹೇಗೆ ಹೊರಬಿತ್ತೋ ಹಾಗೆಯೇ ಇರುವ ರೈಫಲ್ಲು: ಅದೇ ಎಣ್ಣೆಯ ಕಟ್ಟಿಗೆ, ಅದೇ ಪಟ್ಟಿ, ಗ್ರೀಸು ಕೂಡ ಅದೇ. ಅದಕ್ಕೆ ಅವರಿಟ್ಟ ಹೆಸರು “ಪ್ರಿಸ್ಟೀನ್”. ಆ ಪದವನ್ನು ಅವರು ದೇವರ ಹೆಸರಿನ ಹಾಗೆ ಸಣ್ಣ ದನಿಯಲ್ಲಿ ಉಚ್ಚರಿಸುತ್ತಿದ್ದರು.

ಈ ಹುಚ್ಚಿನ ಬೇರು ಪ್ರೀತಿಯಲ್ಲ, ಅನುಮಾನ. ತಿರುಪಿನ ತಲೆಯಲ್ಲಿ ಕೂದಲಿನಷ್ಟು ಗೀರು ಕಂಡರೂ ಸಾಕು, ಯಾರೋ ಬಿಚ್ಚಿದ್ದಾರೆ! ಕಟ್ಟಿಗೆ ಹೊಳೆದರೆ ಯಾರೋ ಪಾಲಿಶ್ ಮಾಡಿದ್ದಾರೆ! ಹೊಸದೊಂದು ಬಂದಿತೆಂದರೆ ಅಪ್ಪ ಭೂತಗನ್ನಡಿ ಹಿಡಿದು ಮೂರು ದಿನ ಅದರ ಮುಂದೆ ಕೂತಿರುತ್ತಿದ್ದರು. ಅವ್ವ ಒಮ್ಮೆ ಬಾಗಿಲಲ್ಲಿ ನಿಂತು ಅಂದಳು, “ನನ್ನ ನೋಡಾಕ ಬಂದಾಗ ಒಂದು ಬಟ್ಟಲ ಅವಲಕ್ಕಿ ತಿಂದು ಹ್ಞೂಂ ಅಂದು ಎದ್ದು ಹೋದ್ರಿ. ಈ ಕಟ್ಟಿಗಿಗೆ ಮೂರು ದಿನ ಏನ್ ನೋಡಾಕತ್ತೀರಿ?”

“ನಿನ್ನ ಮ್ಯಾಲ ನಂಬರ್ ಇದ್ದಿಲ್ಲಲ್ಲ” ಅಂದರು ಅಪ್ಪ, ತಲೆ ಎತ್ತದೆ.

ನಂಬರಿನ ಸಂಗತಿಯೇ ಎಲ್ಲದರ ಮೂಲ. ಇಂಥ ರೈಫಲ್ಲಿನ ಮೈಮೇಲೆ ಒಂದು ನಂಬರು ಕೊರೆದಿರುತ್ತದೆ. ಹಿಂದೆ ಮುಂದೆ ಎಳೆಯುವ ಬೋಲ್ಟಿನ ಮೇಲೂ ಅದೇ ನಂಬರು ಇರಬೇಕು. ಎರಡೂ ತಾಳೆಯಾದರೆ ಒರಿಜಿನಲ್, ಇಲ್ಲವಾದರೆ ಅಲ್ಲಿಂದಿಲ್ಲಿಂದ ಜೋಡಿಸಿದ ಮಾಲು. ಅಪ್ಪ ಇದಕ್ಕೆ ಮಸ್ಕಿಯ ಬಂಡೆಯನ್ನು ಸಾಕ್ಷಿ ಕರೆಯುತ್ತಿದ್ದರು. ಅಲ್ಲಿ ಶಾಸನ ಕೊರೆಸಿದ ಚಕ್ರವರ್ತಿ ಉಳಿದ ಕಡೆಯೆಲ್ಲ ಬರೀ ಬಿರುದು ಕೊರೆಸಿ ಸುಮ್ಮನಾಗಿದ್ದನಂತೆ. ಪಂಡಿತರು ಇವನು ಯಾರಿರಬಹುದು ಎಂದು ತಲೆ ಕೆರೆದುಕೊಳ್ಳುತ್ತಿದ್ದರಂತೆ. ಮಸ್ಕಿಯ ಕಲ್ಲಿನ ಮೇಲೆ ಬಿರುದಿನ ಪಕ್ಕದಲ್ಲೇ ಹೆಸರು ಸಿಕ್ಕಿತು, ಅನುಮಾನ ತೀರಿತು. “ನೋಡು ಬೇಬಿ, ಚಕ್ರವರ್ತಿಗೂ ಮ್ಯಾಚಿಂಗ್ ನಂಬರ್ ಬೇಕಾತು!” ಎಂದು ಹೇಳಿ ತಾವೇ ನಗುತ್ತಿದ್ದರು.

ತಮಾಷೆಯೆಂದರೆ, ಅಪ್ಪನ ಅತಿ ಮುದ್ದಿನ ರೈಫಲ್ಲಿನ ಮೈನಂಬರನ್ನು ಅಪ್ಪನೇ ನೋಡಿರಲಿಲ್ಲ. ಅದರ ಮೇಲೆ ಕಾರ್ಖಾನೆಯ ಗ್ರೀಸು ಜೇನುಮೇಣದ ಹಾಗೆ ಗಟ್ಟಿಯಾಗಿ ಕೂತಿತ್ತು. ಒರೆಸಿದರೆ ಪ್ರಿಸ್ಟೀನ್ ಹೋಯಿತು. ಹೀಗಾಗಿ ಪರವಾನಾ ಬರೆಯಲು ಬಂದ ಮುನ್ಶಿಗೂ ಅದನ್ನು ಮುಟ್ಟಲು ಬಿಡಲಿಲ್ಲ. ಅವನು ಅಪ್ಪ ಓದಿ ಹೇಳಿದ ಬೋಲ್ಟಿನ ನಂಬರನ್ನೇ ದಫ್ತರದಲ್ಲಿ ಬರೆದುಕೊಂಡು ಹೋದ. ಜಗತ್ತನ್ನೆಲ್ಲ ಅನುಮಾನಿಸಿದ ಮನುಷ್ಯ ಅದೊಂದನ್ನು ಮಾತ್ರ ನೋಡದೆ ನಂಬಿದ್ದರು.

ಇಂಥ ಹುಚ್ಚಿನವರು ಸುತ್ತಮುತ್ತ ಇನ್ನೊಬ್ಬರೇ ಇದ್ದರು, ಸಿಂಧನೂರಿನ ದೇಸಾಯರು. ಅಪ್ಪನೂ ಅವರೂ ಒಂದೇ ಹರಾಜಿನಲ್ಲಿ ಅಕ್ಕಪಕ್ಕ ಕೂತು ಒಂದೊಂದು ರೈಫಲ್ಲು ಹಿಡಿದಿದ್ದರು. ಅಂದಿನಿಂದ ಸ್ನೇಹ. ಅಂದಿನಿಂದಲೇ, ಒಳ್ಳೆಯದು ಅವನಿಗೆ ಹೋಯಿತೇನೋ ಎಂಬ ಗುಮಾನಿಯೂ. ದೇಸಾಯರು ಬಂದರೆ ಅಪ್ಪ ಅವರನ್ನು ಬಂದೂಕಿನ ಕೋಣೆಯಲ್ಲಿ ಒಂಟಿಯಾಗಿ ಬಿಡುತ್ತಿರಲಿಲ್ಲ. ಅವ್ವ ಊಟಕ್ಕೆ ಕರೆದರೆ “ನೀವು ಮುಂದ ನಡೀರಿ” ಎಂದು ಅವರನ್ನು ಮೊದಲು ಹೊರಡಿಸಿ, ಆಮೇಲೆ ತಾವು ಏಳುತ್ತಿದ್ದರು.

ದೊಡ್ಡ ಯುದ್ಧ ಮುಗಿದ ಮೇಲಿನ ಬೇಸಿಗೆ. ನಾನು ರಜೆಗೆ ಬಂದಿದ್ದೆ. ದೇಸಾಯರು ತಮ್ಮ ರೈಫಲ್ಲು ತಂದು ಅಪ್ಪನದರ ಪಕ್ಕ ಜಮಖಾನೆಯ ಮೇಲೆ ಮಲಗಿಸಿ, ಇಬ್ಬರೂ ಬೋಲ್ಟು ತೆಗೆದು ಒರೆಸುತ್ತ ಕೂತಿದ್ದರು. ಅಷ್ಟರಲ್ಲಿ ಗುರುಗುಂಟಾದ ಕಕ್ಷಿದಾರನೊಬ್ಬ ಅಂಗಳದಲ್ಲಿ ಗೋಳೋ ಎಂದು ಅಳತೊಡಗಿದ. ಅಪ್ಪ ವಿಧಿಯಿಲ್ಲದೆ ಹೊರಗೆ ಹೋಗಿ ಬಂದರು. ಅಷ್ಟೇ.

ಹದಿನೈದು ದಿನಕ್ಕೆ ಅಮೀನರು ಮುನ್ಶಿಯೊಡನೆ ಬಂದೂಕು ತಪಾಸಣೆಗೆ ಬಂದರು. ನಿಜಾಮರ ಪೊಲೀಸಿನಲ್ಲಿ ತಾಲೂಕಿಗೆಲ್ಲ ಅವರೇ ಹುಲಿ. ಆ ವರ್ಷ ಯಾರ ಮನೆಯ ಬಂದೂಕು ಯಾರ ಕೈಗೆ ಹೋಗುತ್ತಿದೆ ಎಂದು ಸರಕಾರಕ್ಕೂ ನಮ್ಮಪ್ಪನದೇ ರೋಗ ಅಂಟಿತ್ತು. ಅಮೀನರು ಕನ್ನಡಕ ಮರೆತಿದ್ದರು, ಮುನ್ಶಿಗೆ ಇಂಗ್ಲಿಷ್ ಅಂಕಿ ಬಾರದು. “ಬೇಟಿ, ನೀ ಓದವ್ವ. ಕಾನ್ವೆಂಟಿನಾಗ ಕಲ್ತೀ, ಸುಳ್ಳು ಹೇಳಂಗಿಲ್ಲ” ಎಂದು ಬೋಲ್ಟನ್ನು ನನ್ನ ಮುಂದೆ ಹಿಡಿದರು.

ಓದಿದೆ. ಕೊನೆಯ ಅಂಕಿ ಏಳು. ದಫ್ತರದಲ್ಲಿ ಎರಡು.

“ಅರೇ ವಕೀಲ ಸಾಬ್,” ಅಮೀನರ ದನಿ ತಣ್ಣಗಾಯಿತು, “ಈ ಬಂದೂಕು ನಿಮ್ಮದಲ್ರೀ. ನಿಮ್ಮದು ಎಲ್ಲಿಗೆ ಹೋತು? ಯಾರಿಗೆ ಕೊಟ್ರಿ?”

ಬೋಲ್ಟು ಬದಲಾಗಿದೆ, ಬಂದೂಕು ಅದೇ ಎಂದು ಅಪ್ಪ ವಾದ ಹೂಡಿದರು. ಹಾಗಿದ್ದರೆ ಮೈನಂಬರು ತೋರಿಸಿ ಎಂದರು ಅಮೀನರು. ಅಪ್ಪ ಗ್ರೀಸನ್ನು ನೋಡಿದರು, ಅಮೀನರನ್ನು ನೋಡಿದರು, ಮತ್ತೆ ಗ್ರೀಸನ್ನು ನೋಡಿದರು. ಠಾಣೆಯೋ ಪ್ರಿಸ್ಟೀನೋ ಎಂದು ಅವರು ನಿಜಕ್ಕೂ ಲೆಕ್ಕ ಹಾಕುತ್ತಿದ್ದರು! ಆ ಲೆಕ್ಕ ಮುಗಿಯುವಷ್ಟು ತಾಳ್ಮೆ ಅವ್ವನಿಗಿರಲಿಲ್ಲ. ಚಿಮಣಿ ಎಣ್ಣೆಯಲ್ಲಿ ಅದ್ದಿದ ಅರಿವೆ ಹಿಡಿದು ಬಂದು, “ಸರೀರಿ ಅತ್ತಾಗ. ಗ್ರೀಸ್ ಇಟ್ಕೊಂಡು ಗಂಡನ್ನ ಠಾಣೇಕ ಕಳಸಲೇನು?” ಎಂದು ಎರಡೇ ಸಲ ತಿಕ್ಕಿದಳು. ಅಪ್ಪ ಕಣ್ಣು ಮುಚ್ಚಿಕೊಂಡರು.

ಮೈನಂಬರಿನ ಕೊನೆಯಲ್ಲೂ ಏಳೇ ಇತ್ತು.

ಬೋಲ್ಟೂ ಮೈಯೂ ಮೊಟ್ಟಮೊದಲ ಬಾರಿಗೆ ತಾಳೆಯಾಗಿದ್ದವು. ಅದೇ ಕಾರಣಕ್ಕೆ ಅಪ್ಪ ಸಿಕ್ಕಿಬಿದ್ದಿದ್ದರು. ಇಷ್ಟು ವರ್ಷ ಇದ್ದ, ದಫ್ತರಕ್ಕೆ ನಂಬರು ಕೊಟ್ಟ ಬೋಲ್ಟೇ ಪರಕೀಯ. ದೇಸಾಯರೇ ಬದಲಿಸಿದ್ದು, ಕಳ್ಳ ಅವನು ಎಂದು ಅಪ್ಪ ಕೂಗಾಡಿದರು. ಅಮೀನರು ಮೀಸೆ ಒತ್ತಿಕೊಂಡು, “ಇದೆಂಥಾ ಕಳ್ಳ ರೀ? ಕೆಟ್ಟಿದ್ದನ್ನ ರಿಪೇರಿ ಮಾಡಿ ಹೋಗ್ಯಾನ. ನಾಳೆ ಸಂಜೀಕ ಎರಡರ ನಂಬರಿನ ಬಂದೂಕ ತೋರಸ್ರಿ, ಇಲ್ಲಂದ್ರ ಠಾಣೇಕ ಬರ್ರಿ” ಎಂದು ಹೊರಟರು.

ಬಸ್ಸಿನವನ ಕೈಯಲ್ಲಿ ಸಿಂಧನೂರಿಗೆ ಚೀಟಿ ಹೋಯಿತು. ಅಪ್ಪನಿಗೆ ಭರವಸೆಯಿರಲಿಲ್ಲ. “ಯಾಕ ಬಂದಾನ? ಬಂದ್ರ ಅವನ ಮ್ಯಾಲೂ ಬರತೈತಿ” ಎನ್ನುತ್ತ ಒಳಗೆ ಹೊರಗೆ ತಿರುಗಿದರು. ನನಗೂ ಹಾಗೆಯೇ ಅನಿಸಿತು. ಅವ್ವ ಮಾತ್ರ ಮರುದಿನ ಒಂದು ಹಿಡಿ ಅಕ್ಕಿ ಹೆಚ್ಚು ಹಾಕಿದಳು.

ದೇಸಾಯರು ಇಳಿಹೊತ್ತಿಗೆ ಚಕ್ಕಡಿಯಲ್ಲಿ ಬಂದಿಳಿದರು, ಮೈತುಂಬ ಧೂಳು. ಮಸ್ಕಿಯಲ್ಲಿ ಬಸ್ಸಿನವನು ಬಂದೂಕು ಕಂಡು ಇಳಿಸಿಬಿಟ್ಟಿದ್ದನಂತೆ. ಸಂಜೆ ಬಂದ ಅಮೀನರ ಮುಂದೆ ತಮ್ಮ ರೈಫಲ್ಲು ಇಟ್ಟರು. ಮೈಮೇಲೂ ಬೋಲ್ಟಿನ ಮೇಲೂ ಕೊನೆಯ ಅಂಕಿ ಎರಡು. “ಹರಾಜಿನಾಗ ಬೋಲ್ಟ್ ಅದಲು ಬದಲಾಗಿತ್ತು ಸಾಹೇಬ್ರ. ನಂದಕ್ಕ ಗ್ರೀಸ್ ಇದ್ದಿಲ್ಲ, ನಂಬರ್ ತಾಳಿ ಆಗಂಗಿಲ್ಲಂತ ಮೊದಲಿಂದಲೂ ಗೊತ್ತಿತ್ತು, ನಾಚಿಕಿಗೆ ಬಾಯಿ ಬಿಟ್ಟಿದ್ದಿಲ್ಲ. ಮೊನ್ನೆ ಇವರ ಬೋಲ್ಟಿನ ಮ್ಯಾಲ ನನ್ನ ನಂಬರ್ ಕಂಡೆ. ಬದಲಿ ಮಾಡಿದಾಂವ ನಾನ. ಏನ್ ಬರಕೋತೀರೋ ಬರಕೋರಿ.”

ಅಮೀನರು ಇಬ್ಬರ ಮುಖ ನೋಡಿದರು. ಇಂಥ ಹುಚ್ಚನ್ನು ಕಲ್ಪಿಸಿ ಹೇಳಲು ಯಾರಿಂದಲೂ ಆಗದು ಎನಿಸಿತೋ ಏನೋ, ದಫ್ತರ ತಿದ್ದಿಸಿ ಎದ್ದು ಹೋದರು.

ಅಪ್ಪ ಆಮೇಲೆ ಕೇಳಿದ್ದು ಒಂದೇ ಮಾತು, “ನನಗ ಯಾಕ ಹೇಳಲಿಲ್ಲ?”

“ಹೇಳಿದ್ರ ನಂಬ್ತಿದ್ರೇನು?” ಅಂದರು ದೇಸಾಯರು.

ಅಪ್ಪ ದೇಸಾಯರನ್ನು ಬಂದೂಕುಗಳ ನಡುವೆ ಒಬ್ಬರನ್ನೇ ಕೂರಿಸಿ, ಚಹಾ ಹೇಳಿ ಬರುತ್ತೇನೆಂದು ತಾವೇ ಅಡುಗೆಮನೆಗೆ ಬಂದರು. ಬಂದವರು ಅಲ್ಲೇ ನಿಂತರು. ಕಿವಿ ಮಾತ್ರ ಕೋಣೆಯ ಕಡೆ ಇತ್ತು, ಒಂದೆರಡು ಸಲ ಕಾಲೂ ಅತ್ತ ಎಳೆಯಿತು. “ಚಹಾ ಆತು, ಒಯ್ರಿ” ಎಂದಳು ಅವ್ವ. “ಇರಲಿ, ಇನ್ನಷ್ಟು ಕುದೀಲಿ” ಎಂದರು ಅಪ್ಪ. ಮತ್ತೆ ಕೇಳಿದಳು, ಮತ್ತೆ ಅದೇ ಮಾತು. ನಂಬಿಕೆ ರೂಢಿಯಿಲ್ಲದವರಿಗೆ ಅಷ್ಟು ಸಮಯ ಹಿಡಿಯುತ್ತದೆ. ಕೊನೆಗೆ ಬಟ್ಟಲಿಗೆ ಇಳಿದದ್ದು ಕಷಾಯದಂಥ ಕಪ್ಪು ಚಹಾ. ದೇಸಾಯರು ಒಂದು ಗುಟುಕು ಕುಡಿದು ಅಪ್ಪನ ಮುಖ ನೋಡಿದರು. ಆಮೇಲೆ ಉಳಿದದ್ದನ್ನು ಬಟ್ಟಲ ಕೆಳಗಿನ ಬಸಿಗೆ ಸುರುವಿಕೊಂಡು, ಒಂದು ಹನಿಯೂ ಬಿಡದೆ ಕುಡಿದರು.