ಎರಡು ಕುಳ್ಳ ಸ್ಪ್ರಿಂಗುಗಳು

ನಾನಿನ್ನೂ ಲಂಗ ತೊಟ್ಟು ಓಡಾಡುವಷ್ಟು ಚಿಕ್ಕವಳಿದ್ದಾಗ, ಹಿರೇವಡ್ಡಟ್ಟಿಯ ನಮ್ಮ ಮನೆಯಲ್ಲಿ ಅಪ್ಪನ ಹಳೆಯ ಮೋಟರ್ ಸೈಕಲ್ ಇತ್ತು. ಅಂದು ಮುಂಡರಗಿಯಲ್ಲಿ ಅಕ್ಕನ ಖೋಖೋ ಪಂದ್ಯ. ಅಕ್ಕನೇ ತಂಡದ ನಾಯಕಿ. ಉಳಿದ ಹುಡುಗಿಯರು ಮುಂಜಾನೆಯ ಬಸ್ಸಿಗೆ ಹೋಗಿದ್ದರು. ಅಕ್ಕನನ್ನೂ ನನ್ನನ್ನೂ ಅಪ್ಪ ಗಾಡಿಯ ಮೇಲೆ ಹತ್ತಿಸಿಕೊಂಡು ಹೊರಟರು.

ಊರಾಚೆಯ ಏರಿನಲ್ಲಿ ಎಂಜಿನ್ ಭರ್ರೆಂದು ಕೂಗಿತು, ಗಾಡಿ ಮಾತ್ರ ಮುಂದೆ ಹೋಗಲಿಲ್ಲ. ಸುಟ್ಟ ವಾಸನೆ ಬೇರೆ.

"ಕ್ಲಚ್ ಹಿಡಿಯವಲ್ದು. ಬಿಚ್ಚೇ ನೋಡಬೇಕು," ಎಂದರು ಅಪ್ಪ.

ಅಕ್ಕನ ಕಣ್ಣು ತುಂಬಿತು. "ಆಟ ಸುರು ಆಗೂದ್ರಾಗ ಮುಟ್ಟತೀವೇನಪ್ಪಾ?"

"ಅಳಬ್ಯಾಡ. ನೀವಿಬ್ಬರೂ ಕೈ ಹಚ್ಚರಿ, ಜಲ್ದಿ ಆಕ್ಕೈತಿ."

ಗಾಡಿ ತಳ್ಳಿಕೊಂಡು ಮನೆಗೆ ಬಂದು, ಬೇವಿನ ನೆರಳಲ್ಲಿ ಗೋಣಿಚೀಲ ಹಾಸಿದೆವು. ಅಪ್ಪ ಎಣ್ಣೆ ಇಳಿಸಿ ಬದಿಯ ಮುಚ್ಚಳ ತೆಗೆದರು. ಒಳಗೆ ಬಳೆಗಳ ಹಾಗೆ ಒಂದಕ್ಕೊಂದು ಒತ್ತಿ ಕೂತ ದುಂಡನೆಯ ಪ್ಲೇಟುಗಳು! ಅಕ್ಕ ತೆಗೆದು ಕೊಟ್ಟಂತೆ ನಾನು ಅದೇ ಕ್ರಮದಲ್ಲಿ ಸಾಲಾಗಿ ಇಟ್ಟೆ. ಅವು ಬಿಗಿಯಾಗಿ ಕೂಡಿಕೊಂಡರೆ ಮಾತ್ರ ಎಂಜಿನ್ನಿನ ಬಲ ಗಾಲಿಗೆ ಮುಟ್ಟುತ್ತದೆ ಎಂದು ಅಪ್ಪ ಹೇಳಿಕೊಟ್ಟರು.

ಪ್ಲೇಟು ಸವೆದಿದ್ದರೆ ಗದಗಿನಿಂದ ಹೊಸವು ತರಬೇಕು. ಅಲ್ಲಿಗೆ ಪಂದ್ಯದ ಆಸೆ ಬಿಟ್ಟಂತೆಯೇ. ಅಪ್ಪ ಒಂದೊಂದನ್ನೇ ಒರೆಸಿ ಬಿಸಿಲಿಗೆ ಹಿಡಿದರು.

"ಇವು ಚಲೋನ ಅದಾವಲ್ಲ! ಮತ್ಯಾಕ ಜಾರತೈತಿ?"

ನಾನು ಪ್ಲೇಟುಗಳನ್ನು ಒತ್ತಿ ಹಿಡಿಯುವ ಸ್ಪ್ರಿಂಗುಗಳನ್ನು ಕಲ್ಲಿನ ಮೇಲೆ ನಿಲ್ಲಿಸುತ್ತಿದ್ದೆ. ಪ್ರಾರ್ಥನೆಗೆ ನಿಂತ ಮಕ್ಕಳ ಸಾಲಿನಂತೆ ಕಂಡಿತು. ತಟ್ಟನೆ ಎರಡರ ಮೇಲೆ ಬೆರಳಿಟ್ಟೆ.

"ಅಪ್ಪಾ, ಇವೆರಡು ಕುಳ್ಳ ಅದಾವು ನೋಡು!"

ಅಪ್ಪ ಬಗ್ಗಿ ನೋಡಿ ತೊಡೆ ತಟ್ಟಿದರು. "ಖರೇನ ಐತಿ ನನ್ನವ್ವಾ! ಇವು ಸೋತಾವು. ಅದಕ್ಕ ಬಿಗಿ ಸಾಲವಲ್ದು."

ಹಳೆಯ ಡಬ್ಬಿ ಸುರುವಿ ತೂತಿನ ಬಿಲ್ಲೆಯಂಥ ವಾಷರ್ ಹುಡುಕಿದೆವು. ಸೋತ ಸ್ಪ್ರಿಂಗುಗಳ ಎತ್ತರ ಸರಿಯಾಗಲೆಂದು ಅವನ್ನು ಒತ್ತುಕೊಟ್ಟು, ಅಪ್ಪ ಎಲ್ಲವನ್ನೂ ಮತ್ತೆ ಜೋಡಿಸಿ ಎಣ್ಣೆ ತುಂಬಿದರು.

ಈ ಸಲ ಏರಿನಲ್ಲಿ ಗಾಡಿ ಎಳೆ ಹೋರಿಯಂತೆ ನುಗ್ಗಿತು. ಮೂವರೂ ಕೇಕೆ ಹಾಕಿದೆವು. ಮೈದಾನ ಮುಟ್ಟಿದಾಗ ತೀರ್ಪುಗಾರರು ಸೀಟಿಯನ್ನು ಬಾಯಿಗಿಟ್ಟುಕೊಂಡಿದ್ದರು. ಅಕ್ಕ ಕೈ ತೊಳೆಯಲೂ ನಿಲ್ಲದೆ ಓಡಿದಳು. ಅವಳು ಖೋ ಕೊಟ್ಟ ಗೆಳತಿಯರ ಬೆನ್ನಿನ ಮೇಲೆಲ್ಲ ಕಪ್ಪು ಬೆರಳಚ್ಚುಗಳು ಮೂಡಿದವು! ಪಂದ್ಯ ಗೆದ್ದ ಮೇಲೆ ಅವರೆಲ್ಲ ಸೇರಿ ಅಕ್ಕನನ್ನು ಮೈದಾನದ ತುಂಬ ಅಟ್ಟಾಡಿಸಿದರು.

ಮೊಮ್ಮಕ್ಕಳೇ, ಈಗ ನಿಮ್ಮಪ್ಪನ ಸ್ಕೂಟರಿಗೆ ಕ್ಲಚ್ಚೇ ಇಲ್ಲ. ಫೋನಿನಂತೆ ಚಾರ್ಜ್ ಮಾಡಿದರೆ ಸದ್ದಿಲ್ಲದೆ ಏರು ಹತ್ತುತ್ತದೆ. ಅದರ ಹಿಂದೆ ಕೂತು ಹೋಗುವುದು ನನಗೂ ಖುಷಿಯೇ. ಆದರೆ ನಿನ್ನೆ ನಿಮ್ಮ ಆಟದ ರಿಮೋಟ್ ಕಾರು ಕೆಟ್ಟು ನಿಂತಾಗ, "ಆಯಿ, ಹೊಸಾದು ತರಸೂಣು," ಎಂದಿರಲ್ಲ? ತಡೆಯಿರಿ. ಅದರ ಹೊಟ್ಟೆಯೊಳಗೆ ಏನಿದೆ ಎಂದು ನೋಡಲು ನಿನ್ನೆಯಿಂದ ನನ್ನ ಕೈ ತುರಿಸುತ್ತಿದೆ.