ಚರಗಕ್ಕೆ ಬಂದ ಉತ್ತರ

ಹೋದ ವರ್ಷದ ಎಳ್ಳ ಅಮಾವಾಸ್ಯೆಯ ದಿನ, ಹೊತ್ತು ಪಡುವಣಕ್ಕೆ ವಾಲಿ ನೆರಳು ಉದ್ದವಾಗುವ ಸಮಯಕ್ಕೆ, ನಾನು ಘೋಡಗೇರಿಯ ನಮ್ಮ ಹೊಲದ ತೆಂಕಣ ಬದುವಿನ ಮೇಲೆ ನಿಂತಿದ್ದೆ. ಮುಖ ಪಡುವಣಕ್ಕಿತ್ತು. ಬಲಕ್ಕೆ ನಮ್ಮ ಜೋಳದ ಬೆಳೆ. ಎಡಕ್ಕೆ, ನೀರು ಬಸಿದು ಹೋಗಲು ತೋಡಿದ ಕಾಲುವೆಯ ಆಚೆ, ಸತ್ತೆಪ್ಪನ ಕಬ್ಬು ಕಡಿದ ಹೊಲ. ಗಾಳಿ ಇರಲಿಲ್ಲ. ಧ್ವನಿ ಎಲ್ಲಿಂದ ಬಂತು ಎಂದು ಕೇಳುವವರಿಗೆ ನಾನು ನಿಂತ ಜಾಗ ಮೊದಲು ಗೊತ್ತಿರಲಿ ಎಂದು ಇಷ್ಟು ಬರೆದೆ.

ಅಮಾವಾಸ್ಯೆಯ ಪ್ರಾರ್ಥನೆಗೆ ಕೂಡುವ ಶರಣ ಬಂಧುಗಳು ಹಲವು ಸಲ ಕೇಳಿದರು. ಬಾಯಿಂದ ಬಾಯಿಗೆ ಹೋದರೆ ಸುದ್ದಿ ಬೆಳೆಯುತ್ತದೆ. ಅದಕ್ಕೇ ನಾನು ಕಂಡಷ್ಟನ್ನು, ಕೇಳಿದಷ್ಟನ್ನು ಮಾತ್ರ ಇಲ್ಲಿ ಇಡುತ್ತೇನೆ.

ನನ್ನ ಹೆಂಡತಿ ಗಂಗವ್ವನಿಗೆ ಆ ವರ್ಷದ ಮಳೆಗಾಲದಲ್ಲಿ ಲಕ್ವಾ ಹೊಡೆಯಿತು. ಗೋಕಾಕದ ಆಸ್ಪತ್ರೆಯಲ್ಲಿ ಜೀವ ಉಳಿಯಿತು, ಕಾಲು ತಿರುಗಿ ಬಂದವು. ಬಲಗೈ ಬರಲಿಲ್ಲ, ಮಾತೂ ಬರಲಿಲ್ಲ. ಒಂದು ಅಕ್ಷರವೂ ಇಲ್ಲ. ನೀರು ಬೇಕೆಂದರೆ ನೀರಿನ ಕೊಡದ ಕಡೆ ನೋಡುತ್ತಿದ್ದಳು, ಅಷ್ಟೆ.

ಅವಳಿಗೆ ಮೊದಲಿನಿಂದ ಒಂದು ರೂಢಿ. ಬದುವಿನಲ್ಲಿ ಚಪ್ಪಲಿ ಬಿಟ್ಟು, ನೆಲ ಮುಟ್ಟಿ ಕಣ್ಣಿಗೆ ಒತ್ತಿಕೊಂಡು ಹೊಲಕ್ಕೆ ಇಳಿಯುವಳು. ಒಳಗೆ ಕಂಡ ಪ್ಲಾಸ್ಟಿಕ್ ಚೀಲ, ಗುಟಕಾ ಚೀಟು, ಹರಿದ ಡ್ರಿಪ್ ಪೈಪು ಎಲ್ಲ ಆಯ್ದು ಉಡಿಯಲ್ಲಿ ಹಾಕಿಕೊಳ್ಳುವಳು. ಕಬ್ಬು ಕಡಿದ ಮೇಲೆ ಉಳಿಯುವ ಒಣ ಎಲೆಗೆ ನಾವು ರವದಿ ಎನ್ನುತ್ತೇವೆ. ಅದನ್ನು ಸುಡಲು ಅವಳು ನನ್ನನ್ನು ಎಂದೂ ಬಿಡಲಿಲ್ಲ. ಸಾಲಿನಲ್ಲೇ ಹರಡಿ ಕೊಳೆಸುತ್ತಿದ್ದೆವು. ಬಾಜೂ ಹೊಲದ ಸತ್ತೆಪ್ಪ ಚೇಷ್ಟೆ ಮಾಡುತ್ತಿದ್ದ:

"ಗಂಗಕ್ಕಾ, ನಮ್ಮ ಹೊಲಾನೂ ಒಂದ ಸಲ ಕಸಾ ಹೊಡದ ಬಿಡಬೇ. ಪಗಾರ ಕೊಡ್ತೇನಿ."

"ತಾಯಿ ಮೈಮ್ಯಾಗಿನ ಕಸಾ ತಗ್ಯಾಕ ಪಗಾರ ಯಾಕೋ? ನೀ ಬೆಂಕಿ ಹಚ್ಚೂದ ಬಿಡು. ಅದ ನನ್ನ ಪಗಾರ."

"ಅದೊಂದ ಬಿಟ್ಟ ಮತ್ತೇನರ ಕೇಳು!" ಎಂದು ಅವನು ನಗುತ್ತಿದ್ದ.

ಮಾತು ಹೋದ ಮೇಲೂ ಅವಳು ಈ ರೂಢಿ ಬಿಡಲಿಲ್ಲ. ಅಮಾವಾಸ್ಯೆಯ ಹಿಂದಿನ ದಿನ ಮಧ್ಯಾಹ್ನ ಊಟ ಮಾಡಿ ಮನೆಯಿಂದ ಹೊರಬಿದ್ದವಳು ತಿರುಗಿ ಬರಲಿಲ್ಲ.

ಹೊಲದಲ್ಲಿ ನೋಡಿದೆವು. ಕಾಲುವೆಯ ದಂಡೆಯ ಮೇಲೆ ಓಡಾಡಿದೆವು. ಮೂಡಲಗಿಯಲ್ಲಿರುವ ಅವಳ ತಮ್ಮನಿಗೆ ಫೋನು ಮಾಡಿದೆ. "ಇಲ್ಲಿ ಬಂದಿಲ್ರಿ ಮಾವಾರ, ನಾ ಬಸ್‌ಸ್ಟ್ಯಾಂಡಿಗೆ ಹೋಗಿ ನೋಡ್ತೇನಿ" ಅಂದ. ನಾನು ಸಂಜೆಯ ಬಸ್ಸಿಗೆ ಘಟಪ್ರಭಾಕ್ಕೆ ಹೋಗಿ ರೈಲು ನಿಲ್ದಾಣದ ಕಲ್ಲುಬೆಂಚುಗಳನ್ನೆಲ್ಲ ನೋಡಿ ಬಂದೆ. ದಾರಿಯುದ್ದಕ್ಕೂ "ಗಂಗವ್ವಾ" ಎಂದು ಕೂಗುತ್ತಿದ್ದೆ. ಕೂಗಿದಾಗಲೆಲ್ಲ ಒಂದೇ ಯೋಚನೆ. ಕೇಳಿಸಿದರೂ ಅವಳು ಓ ಎನ್ನುವುದು ಹೇಗೆ?

ಆ ರಾತ್ರಿ ಚಳಿ ಬಹಳ ಇತ್ತು.

ಮರುದಿನ ಚರಗದ ಹಬ್ಬ. ಅಂದು ನಾವು ಸಜ್ಜೆಯ ಕಡುಬು, ಪುಂಡಿಪಲ್ಯ, ಬಾನದ ಅನ್ನ ಮಾಡಿ ಹೊಲಕ್ಕೆ ಒಯ್ದು, ಬದುವಿನ ಸುತ್ತ ನಡೆಯುತ್ತ ಭೂಮಿತಾಯಿಗೆ ಚೆಲ್ಲಿ ಉಣಿಸುತ್ತೇವೆ. ಮುಂದೆ ಹೋಗುವವನು ಚೆಲ್ಲುತ್ತ "ಹುಲ್ಲುಲ್ಲಿಗೋ" ಎಂದು ಕೂಗಬೇಕು. ಹಿಂದೆ ನೀರು ಚಿಮುಕಿಸುತ್ತ ಬರುವವರು "ಚಲ್ಲಂಬರಿಗೋ" ಎಂದು ಉತ್ತರ ಕೊಡಬೇಕು. ಸುತ್ತು ಮುಗಿಯುವ ತನಕ ಮುಂದಿನವನು ಹೊರಳಿ ನೋಡಬಾರದು. ಮದುವೆಯಾದ ವರ್ಷದಿಂದ ನನ್ನ ಕೂಗಿಗೆ ಉತ್ತರ ಕೊಡುತ್ತಿದ್ದವಳು ಗಂಗವ್ವ.

"ಈ ವರ್ಷ ಬ್ಯಾಡ್ರಿ ವೈನಿ," ಎಂದೆ ನನ್ನ ಅಣ್ಣನ ಹೆಂಡತಿ ಬಾಳವ್ವನಿಗೆ. ಅಣ್ಣ ತೀರಿದ ಮೇಲೆ ನಮ್ಮ ಮನೆಗೆ ಅವಳೇ ಹಿರಿಯಳು.

"ನಿನ್ನ ಹೊಟ್ಟ್ಯಾಗ ಬೆಂಕಿ ಬಿದ್ದೈತಿ ಅಂತ ತಾಯಿನ ಉಪಾಸ ಕೆಡವತೀಯೇನೋ ಮಲ್ಲಪ್ಪಾ? ಬುಟ್ಟಿ ಎತ್ತು. ಹಿಂದ ನಾ ಬರ್ತೇನಿ."

ಹೊಲಕ್ಕೆ ಹೋದಾಗ ಸತ್ತೆಪ್ಪ ಕಾಲುವೆಯ ಆಚೆ ನಿಂತಿದ್ದ. ಬೆಳಗ್ಗೆ ಹುಡುಕಲು ನಮ್ಮ ಜೊತೆ ಹುಕ್ಕೇರಿಯ ತನಕ ಬಂದವನು ಅವನೇ. ಆದರೆ ಅವನ ಹೊಲಕ್ಕೆ ಮರುದಿನ ನೀರು ಬಿಡುವ ಪಾಳಿ ಇತ್ತು. ರವದಿಯನ್ನು ಅಂದೇ ಸುಡಬೇಕಿತ್ತು. ಕಾಲುವೆಯ ದಂಡೆಗುಂಟ ಎದೆಯೆತ್ತರ ಒಟ್ಟಿದ್ದರು.

"ನಿಮ್ಮ ಚರಗ ಮುಗೀಲಿ ಮಲ್ಲಪ್ಪಣ್ಣ," ಎಂದ. "ಆಮ್ಯಾಲೆ ಹಚ್ಚತೇನಿ. ಹೊಗಿ ನಿಮ್ಮ ಮಾರಿಗೆ ಬರಬಾರದು." ಕಡ್ಡಿಪೆಟ್ಟಿಗೆ ಅವನ ಕೈಯಲ್ಲಿತ್ತು.

ಬನ್ನಿ ಗಿಡದ ಕೆಳಗೆ ಮಣ್ಣಿಗೆ ಹಣೆ ಹಚ್ಚಿ ಬೇಡಿಕೊಂಡೆ. "ತಾಯಿ, ಉಣ್ಣಾಕ ಕರ್ಯಾಕತ್ತೇನಿ. ಆಕಿ ನಿನ್ನ ಮ್ಯಾಗ ಎಲ್ಲೆ ಅದಾಳ, ನಿನಗ ಗೊತ್ತೈತಿ. ನನಗ ಗೊತ್ತಿಲ್ಲ. ಹೇಳು." ಇಷ್ಟೇ. ಹರಕೆ ಹೊರಲಿಲ್ಲ.

ಮೂಡಣ ಬದು ಹಿಡಿದೆ. ಮೊದಲ ಹಿಡಿ ಚೆಲ್ಲಿ "ಹುಲ್ಲುಲ್ಲಿಗೋ" ಎಂದೆ. ತುಸು ತಡೆದು ಹಿಂದಿನಿಂದ ಉತ್ತರ ಬಂತು, "ಚಲ್ಲಂಬರಿಗೋ." ತಗ್ಗಿದ, ಮಣ್ಣು ತುಂಬಿದ ಬಾಯಿಂದ ಬಂದಂಥ ಧ್ವನಿ. ವೈನಿ ಅಳುತ್ತಿರಬೇಕು ಎಂದುಕೊಂಡೆ. ಮತ್ತೆ ಕೂಗಿದೆ. ಮತ್ತೆ ಬಂತು. ಪ್ರತಿ ಸಲವೂ ಬಂತು. ಜೋಳದಲ್ಲಿ ಒಂದು ಹಕ್ಕಿಯೂ ಇರಲಿಲ್ಲ. ಚೆಲ್ಲಿದ ಅನ್ನಕ್ಕೆ ಕಾಗೆ ಕೂಡ ಇಳಿಯಲಿಲ್ಲ.

ತೆಂಕಣ ಬದುವಿಗೆ ಹೊರಳಿ, ಮೊದಲು ಹೇಳಿದ ಜಾಗದಲ್ಲಿ ನಿಂತು ಕೂಗಿದಾಗ ಉತ್ತರ ಎಡಗಡೆಯಿಂದ ಬಂತು. ನೆಲದ ಮಟ್ಟದಿಂದ.

ಸತ್ತೆಪ್ಪ ಆಚೆಯಿಂದ ಅಂದ: "ಯಾರನ್ನ ನಿಲ್ಲಿಸೀಯೋ ಅಣ್ಣಾ, ನನ್ನ ಹೊಲದಾಗ ಜವಾಬ ಕೊಡಾಕ? ಬೆಂಕಿ ಹಚ್ಚಾಂವ ಅದೇನಿ, ಹೊರಗ ಬಾ ಅನ್ನು."

ನಾನು ಹೊರಳಿ ನೋಡಿದೆ. ನೋಡಬಾರದು, ಆದರೆ ನೋಡಿದೆ. ವೈನಿ ನನ್ನಿಂದ ಬಹಳ ದೂರ, ಮೂಡಣ ಬದುವಿನ ನಡುವೆಯೇ ನಿಂತುಬಿಟ್ಟಿದ್ದಳು. ಬಾಯಿಗೆ ಸೆರಗು ಒತ್ತಿ ಹಿಡಿದಿದ್ದಳು. ತಂಬಿಗೆಯ ನೀರು ಅವಳ ಕಾಲ ಮೇಲೆ ಸುರಿಯುತ್ತಿತ್ತು.

"ನಾ ಒಂದೂ ಅಂದಿಲ್ಲೋ ಮಲ್ಲಪ್ಪಾ," ಎಂದು ಚೀರಿದಳು. "ಮೊದಲನೇದೂ ನಾ ಅಂದಿಲ್ಲ!"

ಸತ್ತೆಪ್ಪನ ಮುಖದ ನಗು ಹೋಯಿತು. ಅವನು ಸುತ್ತ ನೋಡಿದ. ಕಡಿದ ಹೊಲ, ಬಟಾಬಯಲು. ರವದಿಯ ಒಟ್ಟು ಬಿಟ್ಟರೆ ಮರೆ ಎಲ್ಲಿಯೂ ಇಲ್ಲ, ಅದರ ಹಿಂದೆಯೂ ಯಾರೂ ಇಲ್ಲ. "ಇನ್ನೊಮ್ಮೆ ಕರಿ," ಎಂದು ಪಿಸುಗುಟ್ಟಿದ.

ಕರೆದೆ. ಉತ್ತರ ಬಂತು. ಅವನ ಕಾಲ ಹತ್ತಿರದ ರವದಿಯ ಒಟ್ಟಿನಿಂದ ಬಂತು.

ನಾನು ಕಾಲುವೆಗೆ ಇಳಿದೆ, ಅವನೂ ಇಳಿದ. ಇಬ್ಬರೂ ಎರಡು ಕೈಯಿಂದ ರವದಿ ಎಳೆದೆವು. ಗಂಗವ್ವ ಕಾಲುವೆಯ ತಳದಲ್ಲಿ ಒಂದು ಮಗ್ಗುಲಾಗಿ ಬಿದ್ದಿದ್ದಳು. ಆಯಲು ಬಗ್ಗಿದವಳು ಜಾರಿರಬೇಕು, ದಂಡೆಯ ಮೇಲಿನ ರವದಿಯ ಒಟ್ಟು ಅವಳ ಮೇಲೆ ಕುಸಿದಿತ್ತು. ಹಿಂದಿನ ದಿನ ನಾವು ಅದರ ಬದಿಯಲ್ಲೇ ಹಾದು ಹೋಗಿದ್ದೆವು. ಕಣ್ಣು ತೆರೆದಿದ್ದವು. ತುಟಿಗಳು ಒಣಗಿ ಒಂದಕ್ಕೊಂದು ಅಂಟಿದ್ದವು. ವೈನಿ ಓಡಿ ಬಂದು ತಂಬಿಗೆಯಲ್ಲಿ ಉಳಿದ ನೀರಿನಲ್ಲಿ ಸೆರಗು ಅದ್ದಿ ಒರೆಸಿ ಬಿಡಿಸಿದಳು. ಎಡಮುಷ್ಟಿಯಲ್ಲಿ ಗುಟಕಾ ಚೀಟುಗಳು.

ಎತ್ತುವಾಗ ಅವಳ ಮಗ್ಗುಲು ಬೆಚ್ಚಗಿತ್ತು. ಅವಳ ಕೆಳಗಿನ ಮಣ್ಣಿನ ಮೇಲೆ ಕೈಯಿಟ್ಟೆ. ಒಲೆಯ ಪಕ್ಕದ ಕಲ್ಲಿನ ಹಾಗೆ ಬೆಚ್ಚಗಿತ್ತು. ರವದಿ ಕೊಳೆತರೆ ಕಾವು ಬರುತ್ತದೆ ಎಂದು ಆಮೇಲೆ ಒಬ್ಬರು ಹೇಳಿದರು. ಇರಬಹುದು. ಆದರೆ ಆ ರವದಿ ಒಣಗಿ ಸುಡಲು ಸಿದ್ಧವಾಗಿತ್ತು. ಒಂದು ಕೈಯಳತೆ ಆಚೆಯ ಮಣ್ಣು ತಣ್ಣಗಿತ್ತು.

ಸತ್ತೆಪ್ಪನ ಟಂಟಂ ಗಾಡಿಯಲ್ಲಿ ಘಟಪ್ರಭಾದ ಆಸ್ಪತ್ರೆಗೆ ಒಯ್ದೆವು. ಸಲಾಯಿನ್ ಹಚ್ಚಿದರು. ನಡೆದದ್ದನ್ನು ಡಾಕ್ಟರಿಗೆ ಹೇಳಿದೆ. ಅವರು ನಗಲಿಲ್ಲ. "ಮಾತು ಹೋದವರ ಬಾಯಾಗ ಒಮ್ಮೊಮ್ಮೆ ರೂಢಿ ಇದ್ದ ಒಂದ ಮಾತು ತಾನ ಬರತೈತ್ರಿ," ಎಂದರು. ಆಮೇಲೆ ಅವಳ ಗಂಟಲಿಗೆ ಬೆಳಕು ಬಿಟ್ಟು ನೋಡಿದರು. ಬಹಳ ಹೊತ್ತು ನೋಡಿದರು. "ಈ ಗಂಟಲಿನಿಂದ ಹೊಲದ ಆ ತುದಿಗೆ ಕೇಳೂ ಹಂಗ... ನಾ ಹೇಳಾಕ ಬರೂದಿಲ್ರಿ."

ನನಗೂ ಹೇಳಲು ಬಾರದು. ಅವಳೇ ಕೂಗಿದಳು ಎಂದರೆ, ಮೂಡಣ ಬದುವಿನಲ್ಲಿ ನನ್ನ ಬೆನ್ನ ಹಿಂದೆ ಬಂದದ್ದು ಯಾರ ಧ್ವನಿ? ಮನೆಗೆ ಬಂದ ಮೇಲೆ ಅವಳ ತಮ್ಮ ಹಾಸಿಗೆಯ ಪಕ್ಕ ಕುಳಿತು ಚರಗದ ಕೂಗು ಹಾಕಿದ. "ಅಕ್ಕಾ, ಅನ್ನಬೇ, ಒಮ್ಮೆ ಅನ್ನು," ಎಂದು ಗೋಗರೆದ. ಅವಳು ಅವನ ಮುಖ ನೋಡಿ ಎಡಗೈಯನ್ನು ನೆಲಕ್ಕೆ ಇಳಿಬಿಟ್ಟು, ಬೆರಳಿಂದ ನೆಲವನ್ನು ಮೆಲ್ಲಗೆ ತಟ್ಟಿದಳು.

ಸತ್ತೆಪ್ಪ ಅಂದು ಬೆಂಕಿ ಹಚ್ಚಲಿಲ್ಲ. ಆ ಮೇಲೂ ಹಚ್ಚಿಲ್ಲ. ಈಗ ಆ ಕಾಲುವೆಗುಂಟ ಯಾರ ಹೊಲದಲ್ಲೂ ರವದಿ ಸುಡುವುದಿಲ್ಲ. ಕೆಲವರು ಭಕ್ತಿಯಿಂದ, ಕೆಲವರು ಹೆದರಿ. ಎರಡೂ ನಡೆಯುತ್ತದೆ. ನಾನು ದಿನಾಲೂ ಲಿಂಗಪೂಜೆ ಮುಗಿಸಿ, ಹೊಲಕ್ಕೆ ಇಳಿಯುವ ಮುನ್ನ ಚಪ್ಪಲಿ ಬಿಟ್ಟು ನಿಲ್ಲುತ್ತೇನೆ. ನಮ್ಮನ್ನು ಹೊತ್ತವಳು ಕೇಳಿಸಿಕೊಳ್ಳುತ್ತಾಳೆ ಎಂದು ಮೊದಲು ನಂಬಿದ್ದೆ. ಈಗ ನಂಬಿಕೆಯ ಮಾತೇ ಇಲ್ಲ. ಕಾಲಿಡುವಾಗ ಮೈ ಜುಮ್ಮೆನ್ನುತ್ತದೆ. ಆ ಹೆದರಿಕೆಯೂ ಅವಳ ಕೃಪೆಯೇ ಎಂದು ತಲೆಬಾಗುತ್ತೇನೆ.

ಇದನ್ನು ಕಂಡವರು, ಕೇಳಿದವರು ಇನ್ನೂ ಮೂವರಿದ್ದಾರೆ. ವೈನಿ ಬಾಳವ್ವ ಇದ್ದಾಳೆ. ಸತ್ತೆಪ್ಪ ಇದ್ದಾನೆ. ಗಂಗವ್ವ ಇದ್ದಾಳೆ. ಬಂದು ಕೇಳಬಹುದು. ಇಬ್ಬರು ಹೇಳುತ್ತಾರೆ. ಗಂಗವ್ವ ಇವತ್ತಿಗೂ ಮಾತಾಡುವುದಿಲ್ಲ.