ಮಹಾದೇವಿಯ ರೊಟ್ಟಿ

ಮೊನ್ನೆ ಬೆಳಿಗ್ಗೆ ಹಂಚಿನ ಮೇಲೆ ರೊಟ್ಟಿ ಹಾಕಿ ನೀರು ಸವರುತ್ತಿದ್ದಾಗ ಫೋನು ಗುಂಯ್ ಎಂದಿತು. ನಮ್ಮ ಮಹಿಳಾ ಕಾಲೇಜಿನ ಹಳೆಯ ಗೆಳತಿಯರ ವಾಟ್ಸಾಪ್ ಗುಂಪು. ಮೂವತ್ತು ವರ್ಷಗಳ ನಂತರ, ಬರುವ ಭಾನುವಾರ, ಹಿಮಾಯತ್‌ನಗರದಲ್ಲಿ ಎಲ್ಲರೂ ಸೇರುವುದಿದೆ. ಯಾರೋ ತೆಲುಗಿನಲ್ಲಿ ಬರೆದಿದ್ದರು: "ಮಹಾದೇವೀ, ನೀ ಜೊನ್ನ ರೊಟ್ಟೆ ಲೇಕುಂಡಾ ರಾವದ್ದು!" ಜೋಳದ ರೊಟ್ಟಿ ಇಲ್ಲದೆ ಬರಬೇಡ ಅಂತ. ಅದರ ಕೆಳಗೆ ನಾಲಿಗೆ ಚಪ್ಪರಿಸುವ ಹಳದಿ ಮುಖಗಳು ಹದಿನೇಳು. ನಾನು ಎಣಿಸಿದೆ. ಎಣಿಸುವಷ್ಟರಲ್ಲಿ ನನ್ನ ರೊಟ್ಟಿ ಹೊತ್ತಿತು.

ನಿಮ್ಮ ಮುಂದೆ ಹೇಳಿಬಿಡುತ್ತೇನೆ. ಅದು ಮಹಾದೇವಿಯ ರೊಟ್ಟಿಯೇ ಅಲ್ಲ. ನಮ್ಮ ಅವ್ವನದು.

ಅಪ್ಪ ಅಬಿಡ್ಸ್‌ನ ಬಟ್ಟೆ ಅಂಗಡಿಯಲ್ಲಿ ಗುಮಾಸ್ತ. ಅವ್ವ ಕಲಬುರಗಿ ಕಡೆಯವಳು, ಹೈದರಾಬಾದಿನಲ್ಲಿ ಎಷ್ಟು ವರ್ಷ ಕಳೆದರೂ ರೊಟ್ಟಿ ಬಡಿಯುವುದು ಬಿಡಲಿಲ್ಲ. ನಾನೋ, ಹೊಸ್ತಿಲು ದಾಟಿದರೆ ತೆಲುಗಿನವಳು. ಪುಲಿಹೋರ, ಪಪ್ಪು ಅನ್ನ ತರುವ ಹುಡುಗಿಯರ ನಡುವೆ ಜೋಳದ ರೊಟ್ಟಿ, ಶೇಂಗಾ ಹಿಂಡಿ ಬಿಚ್ಚುವುದೆಂದರೆ ನನಗೆ ಜೀವ ಹೋದಂತಾಗುತ್ತಿತ್ತು. ನನ್ನ ಮನೆಮಾತು ಕನ್ನಡ ಎಂದು ಕಾಲೇಜಿನಲ್ಲಿ ಗೊತ್ತಿದ್ದದ್ದು ಒಬ್ಬಳಿಗೇ. ಬಾಗಿಲಲ್ಲಿ ಬೆರಳು ಸಿಕ್ಕಿಸಿಕೊಂಡು ನಾನು "ಯವ್ವಾ" ಎಂದು ಕಿರುಚಿದ ದಿನ ಅವಳು ಥಟ್ಟನೆ ತಿರುಗಿ ನೋಡಿದ್ದಳು. ಅವಳೇ ಮಹಾದೇವಿ.

ಸೇಡಂ ಕಡೆಯ ಹುಡುಗಿ. ಅವಳ ತಂದೆತಾಯಿ ನಗರದಾಚೆಯ ಪಟಾನ್‌ಚೆರುವಿನಲ್ಲಿ ಕಟ್ಟಡದ ಕೆಲಸಕ್ಕೆ ಹೋಗುತ್ತಿದ್ದರು. ಎರಡು ಬಸ್ಸು ಬದಲಿಸಿ, ಬರಿಗೈಯಲ್ಲಿ ಬರುತ್ತಿದ್ದಳು. ಒಂದು ದಿನ ಮೆಟ್ಟಿಲ ಕೆಳಗೆ ಕರೆದು ನನ್ನ ರೊಟ್ಟಿಯ ಡಬ್ಬಿ ಕೊಟ್ಟೆ.

"ದಿನಾ ನೀನ ತಿನ್ನು. ಆದ್ರ ಯಾರದು ಅಂತ ಯಾರ ಮುಂದೂ ಹೇಳಬ್ಯಾಡ. ಆಣಿ ಮಾಡು."

"ಆಣಿ ಆಮೇಲ ಮಾಡ್ತೀನಿ, ಮೊದ್ಲ ತಿನ್ನಾಕ ಬಿಡು," ಎಂದಳು.

ನಾನು ಕ್ಯಾಂಟೀನಿನ ಸಮೋಸ ತಿನ್ನುತ್ತ ದೊಡ್ಡ ದಾನಿಯಂತೆ ಬೀಗಿದೆ. ಆದರೆ ಅವಳು ಮೂಲೆಯಲ್ಲಿ ಕೂತು ತಿನ್ನುವವಳಲ್ಲ. ಮೈದಾನದ ಬೇವಿನ ಕೆಳಗೆ ಚಕ್ಕಳಮಕ್ಕಳ ಕೂತು, "ಬರ್ರಿ, ರೊಟ್ಟಿ ತಿನ್ ಬರ್ರಿ" ಎಂದು ಕನ್ನಡದಲ್ಲೇ ಕೂಗಿ ಕರೆದಳು. ಭಾಷೆ ತಿಳಿಯದವರೂ ಬಂದರು. ಎರಡು ತಿಂಗಳಲ್ಲಿ ತೆಲುಗಿನವರು, ಉರ್ದುವಿನವರು ಎಲ್ಲರೂ "ಭಾಳ ಚಲೋ ಐತಿ" ಅನ್ನತೊಡಗಿದರು. ನಾನೂ ಹೋಗಿ ಆ ಗುಂಪಿನಲ್ಲಿ ಕೂರುತ್ತಿದ್ದೆ. ನನ್ನ ಅವ್ವ ಬಡಿದ ರೊಟ್ಟಿಯ ಚೂರನ್ನು ಅವಳ ಕೈಯಿಂದ ಇಸಿದುಕೊಂಡು, "ಚಾಲಾ ಬಾಗುಂದಿ" ಎಂದು ತೆಲುಗಿನಲ್ಲಿ ಹೊಗಳುತ್ತಿದ್ದೆ. ಒಳಗೊಳಗೇ ಅವಳ ಮೇಲೆ ಹೊಟ್ಟೆಕಿಚ್ಚು ಪಡುತ್ತಿದ್ದೆ.

ಆ ವರ್ಷವೇ ಅವ್ವ ಎರಡು ರೊಟ್ಟಿಯ ಬದಲು ಆರು ಕಟ್ಟತೊಡಗಿದಳು. "ಇಷ್ಟ್ಯಾಕವ್ವ?" ಎಂದರೆ, "ಇರ್ಲಿ ಬಿಡು, ತಿನ್ನೋರು ತಿಂತಾರ" ಎಂದು ಒಲೆಯ ಕಡೆ ತಿರುಗಿ ನಗುತ್ತಿದ್ದಳು. ಡಬ್ಬಿ ಖಾಲಿಯಾಗಿ ಬರುವುದನ್ನು ಕಂಡು, ಮಗಳ ಹಸಿವು ಹೆಚ್ಚಿತೆಂದು ಹಿಗ್ಗುತ್ತಿದ್ದಾಳೆ ಎಂದುಕೊಂಡಿದ್ದೆ.

ಅವ್ವ ತೀರಿಕೊಂಡು ಎರಡು ವರ್ಷವಾಯಿತು. ಅವಳ ರೊಟ್ಟಿ ಮಾತ್ರ ಇನ್ನೂ ಬೇರೆಯವಳ ಹೆಸರಿನಲ್ಲಿದೆ. ಹೊತ್ತಿದ ರೊಟ್ಟಿ ಬದಿಗೆಸೆದು ಮಹಾದೇವಿಗೆ ಫೋನು ಮಾಡಿದೆ.

"ಈ ಸಲ ಡಬ್ಬಿ ನಾ ತೆಗೀತೀನಿ. ಅದು ಯಾರ ರೊಟ್ಟಿ ಅಂತ ಎಲ್ಲಾರ ಮುಂದ ಹೇಳ್ತೀನಿ."

"ಹೇಳವ್ವ. ಆಣಿ ಮಾಡೀನಂತ ಬಾಯಿ ಬಿಟ್ಟಿಲ್ಲ ನಾನು. ಆದ್ರ ನಿಮ್ಮ ಅವ್ವಾರಿಗೆ ಗೊತ್ತಿತ್ತು."

"ಏನ್ ಗೊತ್ತಿತ್ತು?"

"ಒಂದಿನ ನೀ ಡಬ್ಬಿ ಮರ್ತು ಬಂದಿದ್ದಿ. ಅವ್ವಾರು ಕೊಡಾಕ ಗೇಟಿಗೆ ಬಂದಿದ್ರು. ಡಬ್ಬಿ ಕಂಡಕೂಡ್ಲೆ ‘ಕೊಡ್ರಿ, ಅದು ನಂದ’ ಅಂದುಬಿಟ್ಟೆ! ಅವ್ವಾರು ನಕ್ಕಿದ್ದ ನಕ್ಕಿದ್ದು. ‘ತಿನ್ನಾಕಿ ನೀನೇನ? ನಿನಗ ಎಷ್ಟ ಬೇಕಾಗ್ತಾವ?’ ಅಂದ್ರು. ಆಮೇಲ, ‘ಆಕಿಗೆ ಹೇಳಬ್ಯಾಡ, ನಾಚ್ಕೋತಾಳ’ ಅಂದ್ರು."

ಫೋನು ಇಟ್ಟು ಹಂಚಿಗೆ ಹತ್ತಿದ್ದ ಕರಿ ಕೆರೆದೆ. ಹಾಗಾದರೆ ಆ ರೊಟ್ಟಿಗಳು ಮಹಾದೇವಿಯವೇ. ಅವ್ವ ಕೇಳಿ, ತಿಳಿದು, ಅವಳಿಗೆಂದೇ ಬಡಿದವು.

ಮತ್ತೆ ಹಿಟ್ಟು ನಾದಿದ್ದೇನೆ. ನನ್ನ ರೊಟ್ಟಿಯ ಅಂಚು ಇನ್ನೂ ಒಡೆಯುತ್ತದೆ, ಭಾನುವಾರದೊಳಗೆ ಸರಿಯಾದೀತು. ಡಬ್ಬಿ ನಾನೇ ಬಿಚ್ಚುತ್ತೇನೆ, ಕನ್ನಡದಲ್ಲೇ ಕೂಗಿ ಕರೆಯುತ್ತೇನೆ, ಮೊದಲ ರೊಟ್ಟಿ ಮಹಾದೇವಿಗೇ ಕೊಡುತ್ತೇನೆ. ಹೊಟ್ಟೆಕಿಚ್ಚು ಹೋಯಿತೇ ಎಂದು ಕೇಳಬೇಡಿ. ನಿನಗೆ ಎಷ್ಟು ಬೇಕು ಎಂದು ಅವ್ವ ನನ್ನನ್ನು ಒಮ್ಮೆಯೂ ಕೇಳಲಿಲ್ಲ. ಕೇಳುವಂತೆ ನಾನು ಒಂದು ದಿನವೂ ತಿನ್ನಲಿಲ್ಲ.